ಗಾಳಿ ವಿದ್ಯುತ್ತೂ ಸವಕಳಿ ಲೆಕ್ಕವೂ

ಕಳೆದ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಕಾಕಾ ಕಪ್ಪತಗುಡ್ಡದ ಕಡೆ ಕೈ ತೋರಿಸಿ, "ಗಾಳಿ ಇಷ್ಟು ಬೀಸಾಕತ್ತೈತಿ, ಆ ಫ್ಯಾನು ಯಾಕ ತಿರಗವಲ್ದೊ? ನೀ ಪುಣೆದಾಗ ಕಲಿಯಾಂವ, ಹೇಳು" ಅಂದರು. ಯಂತ್ರ ಕೆಟ್ಟಿರಬೇಕು ಎಂದೆ. "ಕೆಟ್ಟರ ರಿಪೇರಿಗೆ ಯಾಕ ಯಾರೂ ಬರವಲ್ರು?"

ಆ ಒಂದು ಯಂತ್ರದ ವಿಷಯ ನಾನು ಹೇಳಲಾರೆ. ಆದರೆ ಇಂಥ ಪ್ರಶ್ನೆಗೆ ಉತ್ತರದ ಒಂದು ತುಂಡು ನಮ್ಮ ಕಾಮರ್ಸ್ ಪುಸ್ತಕದಲ್ಲೇ ಇದೆ. 'ಡಿಪ್ರಿಸಿಯೇಶನ್' ಎಂಬ ಶಬ್ದ ಮೊದಲ ವರ್ಷ ನನ್ನ ತಲೆಗೆ ಹತ್ತಿರಲಿಲ್ಲ. ಅದು ನಮ್ಮ 'ಸವಕಳಿ'ಯೇ ಎಂದು ತಿಳಿದ ದಿನ ಅರ್ಧ ಭಯ ಹೋಯಿತು. ಯಂತ್ರ ಸವೆಯುತ್ತದೆ, ಆ ಸವೆತವನ್ನು ಖರ್ಚಿಗೆ ಹಾಕಿದರೆ ಲಾಭ ಇಳಿಯುತ್ತದೆ, ತೆರಿಗೆಯೂ ಇಳಿಯುತ್ತದೆ.

ಗಾಳಿಗೆ ದುಡ್ಡು ಕೊಡಬೇಕಾಗಿಲ್ಲ, ಆದರೆ ಬಂಡವಾಳವೆಲ್ಲ ಮೊದಲೇ ಸುರಿಯಬೇಕು. ಅದಕ್ಕೇ ಸರಕಾರ ಸಾಮಾನ್ಯ ಯಂತ್ರಗಳಿಗೆ ಶೇ. 15 ಸವಕಳಿ ಇಟ್ಟು, ಗಾಳಿಯಂತ್ರಕ್ಕೆ ಬಹುಕಾಲ ಶೇ. 80 ಕೊಟ್ಟಿತು. ಲೆಕ್ಕ ಹಾಕಿ ನೋಡಿ: ಯಂತ್ರಕ್ಕೆ 5 ಕೋಟಿ, ತೆರಿಗೆ ಶೇ. 30 ಅನ್ನೋಣ. ಮೊದಲ ವರ್ಷವೇ 4 ಕೋಟಿ ಸವಕಳಿ, ಉಳಿದ ತೆರಿಗೆ 1 ಕೋಟಿ 20 ಲಕ್ಷ! ಶೇ. 15ರಂತೆ ಆದರೆ ಬರೀ ಇಪ್ಪತ್ತೆರಡೂವರೆ ಲಕ್ಷ. ಇದು ಮಾಫಿಯಲ್ಲ, ಮುಂದೂಡಿಕೆ. ಮುಂದಿನ ವರ್ಷಗಳಿಗೆ ಸವಕಳಿ ಹೆಚ್ಚು ಉಳಿಯುವುದಿಲ್ಲ. ಆದರೂ ಇಂದು ಕೈಯಲ್ಲಿರುವ ದುಡ್ಡಿನ ಬೆಲೆ ವ್ಯಾಪಾರಿಗೆ ಗೊತ್ತು.

ತಮಿಳುನಾಡಿನ ನೂಲಿನ ಗಿರಣಿಗಳವರು ಮುಪ್ಪಂದಲ್ ಕಡೆ ಯಂತ್ರ ನಿಲ್ಲಿಸಿ ಆ ಕರೆಂಟಿನಿಂದ ಗಿರಣಿ ನಡೆಸಿದರು. ಅವರಿಗೆ ವಿದ್ಯುತ್ತೇ ಬೇಕಿತ್ತು. ತೆರಿಗೆ ಉಳಿಸಲೆಂದೇ ಕೊಂಡವನ ಮಾತು ಬೇರೆ. ಗಾಳಿಯ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು, ಆದ್ದರಿಂದ ಜಾಗವೇ ಮುಖ್ಯ. ಸವಕಳಿ ಮಾತ್ರ ಒಳ್ಳೆ ಜಾಗಕ್ಕೂ ಕೆಟ್ಟ ಜಾಗಕ್ಕೂ ಒಂದೇ. ನಿಲ್ಲಿಸಿದ್ದಕ್ಕೆ ಬಹುಮಾನ, ತಿರುಗಿದ್ದಕ್ಕಲ್ಲ.

ಈ ತಪ್ಪು ಸರಕಾರಕ್ಕೂ ಕಂಡಿತು. 2009ರಲ್ಲಿ ಈ ಸವಕಳಿ ಪಡೆಯದವರಿಗೆ ಉತ್ಪಾದಿಸಿದ ಪ್ರತಿ ಯೂನಿಟ್ಟಿಗೆ 50 ಪೈಸೆ ಕೊಡುವ ಯೋಜನೆ ತಂದರು. ಇದೇ ಸರಿಯಾದ ದಾರಿ ಎಂದು ನನ್ನ ಮತ. ಆದರೆ 2012ರಲ್ಲಿ ಎರಡನ್ನೂ ಒಟ್ಟಿಗೇ ನಿಲ್ಲಿಸಿಬಿಟ್ಟರು! 2011-12ರಲ್ಲಿ ಸುಮಾರು 3,200 ಮೆಗಾವಾಟ್ ಹೊಸದಾಗಿ ಸೇರಿತ್ತು. ಮರುವರ್ಷ ಸುಮಾರು 1,700. ಗಾಳಿ ಏನು ಕಡಿಮೆ ಬೀಸಿತೇ? 2014ರಲ್ಲಿ ಶೇ. 80 ಮರಳಿತು, 2017ರಿಂದ ಅದು 40ಕ್ಕಿಳಿಯಿತು. ಅದೇ ವರ್ಷ ಹರಾಜು ಪದ್ಧತಿ ಬಂದು, ಮೊದಲ ಹರಾಜಿನಲ್ಲೇ ದರ ಯೂನಿಟ್ಟಿಗೆ 3 ರೂ. 46 ಪೈಸೆಗೆ ಬಂತು. ಕರೆಂಟು ಮಾರಿದರೆ ಮಾತ್ರ ದುಡ್ಡು ಎಂದ ಮೇಲೆ ಯಂತ್ರ ತಿರುಗಲೇಬೇಕು. 2025ರಲ್ಲಿ ದೇಶದ ಒಟ್ಟು ಸಾಮರ್ಥ್ಯ 50,000 ಮೆಗಾವಾಟ್ ದಾಟಿತು.

ಇದನ್ನೆಲ್ಲ ಕಾಕಾಗೆ ಫೋನಿನಲ್ಲಿ ಹೇಳಿದೆ. "ಹಂಗಾರ ನಮ್ಮ ಎತ್ತಿಗೂ ಸವಕಳಿ ಬರ್ಕೋಬೌದೇನ್ಲೇ?" ಅಂದರು. ಒಕ್ಕಲುತನದ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲವಲ್ಲ ಕಾಕಾ, ಎಂದೆ.