ತೆಗೆಯಿರಿ ಎಂದು ನೋಟಿಸ್ ಬಂದಾಗ



ನಿನ್ನ ಜಾಲತಾಣಕ್ಕೆ ವಕೀಲರ ನೋಟಿಸ್ ಬಂದಿದೆಯಂತೆ. ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪುಕ್ಕಟೆ ಓದಿಸುವವನಿಗೆ ಇದೆಂಥ ಬಹುಮಾನ ಎಂದು ನಿನಗೆ ಸಿಟ್ಟು. ಸಹಜವೇ. ಆದರೆ ಕಾಸು ತೆಗೆದುಕೊಂಡಿಲ್ಲ ಎಂಬ ಒಂದೇ ಮಾತಿನಿಂದ ಪಾರಾಗಲು ಆಗದು ಮಾರಾಯ. ಅಲ್ಲಲ್ಲಿ ‘ಕೃಪೆ: ಅಂತರ್ಜಾಲ’ ಎಂದು ಬೇರೆ ಬರೆದಿದ್ದೀಯ. ಅಂತರ್ಜಾಲ ಯಾರ ಮೇಲೂ ಕೃಪೆ ತೋರುವ ದೇವರಲ್ಲ.

ಮೊದಲು ಲೇಖಕರು ತೀರಿಕೊಂಡ ವರ್ಷ ನೋಡು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕು ಉಳಿಯುವುದು ಅವರ ಜೀವಿತಾವಧಿ, ಆಮೇಲೆ 60 ವರ್ಷ. ಲೆಕ್ಕ ಶುರುವಾಗುವುದು ಮರುವರ್ಷದ ಜನವರಿಯಿಂದ. ಗೋವಿಂದ ಪೈಗಳು ಹೋದದ್ದು 1963ರಲ್ಲಿ. ಅವರು ಬದುಕಿದ್ದಾಗಲೇ ಅಚ್ಚಾದದ್ದನ್ನು 2024ರಿಂದ ಯಾರು ಬೇಕಾದರೂ ಹಾಕಬಹುದು. ಡಿವಿಜಿ 1975ರಲ್ಲಿ ಹೋದವರು, ಹಾಗಾಗಿ 2035 ಮುಗಿಯುವವರೆಗೆ ಕಾಯಬೇಕು. ಅವರ ಕಗ್ಗದ ಪದ್ಯ ದಿನಾ ಬೆಳಿಗ್ಗೆ ವಾಟ್ಸ್ಯಾಪ್‌ನಲ್ಲಿ ಬರುತ್ತದೆ ಎಂದು ಅದು ಊರೊಟ್ಟಿನ ಸ್ವತ್ತಾಗುವುದಿಲ್ಲ. ಮೂಲ ಕೃತಿಯ ಅವಧಿ ಮುಗಿದಿದ್ದರೂ ಇತ್ತೀಚಿನ ಸಂಪಾದಕರು ಬರೆದ ಪ್ರಸ್ತಾವನೆ, ಟಿಪ್ಪಣಿಗಳ ಹಕ್ಕು ಬೇರೆಯೇ.

ಹಕ್ಕು ಮಕ್ಕಳಿಗೇ ಹೋಗಿರುತ್ತದೆ ಎಂದೂ ತಿಳಿಯಬೇಡ. ಶಿವರಾಮ ಕಾರಂತರು 1994ರಲ್ಲಿ ಉಯಿಲು ಬರೆದು ತಮ್ಮ ಸಾಹಿತ್ಯದ ಹಕ್ಕನ್ನು ಬಹುಕಾಲ ತಮ್ಮ ಕೆಲಸಕ್ಕೆ ನೆರವಾಗಿದ್ದ ಸಹಾಯಕಿಗೆ ಬಿಟ್ಟರು. ಕಾರಂತರು ತೀರಿಕೊಂಡ ಮೇಲೆ, 2001ರಲ್ಲಿ, ಮಣಿಪಾಲದ ಸಂಸ್ಥೆಯೊಂದು ಅವರ ಯಕ್ಷಗಾನ ಪ್ರಯೋಗವನ್ನು ದೆಹಲಿಯಲ್ಲಿ ಆಡಿಸಿತು. ಉಡುಪಿಯ ಕೋರ್ಟಿನಲ್ಲಿ ಶುರುವಾದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾಯಿತು. ಉಯಿಲಿನಲ್ಲಿ ಸಾಹಿತ್ಯ ಎಂದಿದೆ, ರಂಗಪ್ರಯೋಗ ಅದರಲ್ಲಿ ಬರುತ್ತದೆಯೇ ಎಂಬ ತಕರಾರು. ಕೊನೆಗೆ, ಬೇರೆಲ್ಲೂ ಹೇಳದ ಉಳಿದ ಆಸ್ತಿಯೂ ಆಕೆಗೇ ಎಂಬ ಉಯಿಲಿನ ಸಾಲು ಆಕೆಯ ಕೈಹಿಡಿಯಿತು. ಅಷ್ಟು ದೊಡ್ಡ ಲೇಖಕರ ವಿಷಯದಲ್ಲೇ ಹೀಗೆ. ನೀನು ಲೇಖಕರ ಮಗನಿಗೆ ಫೋನ್ ಮಾಡಿ ‘ಹಾಕಿಕೊಳ್ಳಿ’ ಅನ್ನಿಸಿಕೊಂಡರೆ ಸಾಲದು. ಹಕ್ಕು ಯಾರ ಹೆಸರಿನಲ್ಲಿದೆ ಎಂದು ಕೇಳಿ, ಬರಹದಲ್ಲಿ ಒಪ್ಪಿಗೆ ತೆಗೆದುಕೊ.

ಈಗ ನೋಟಿಸಿಗೆ ಬರೋಣ. ಕೃತಿಸ್ವಾಮ್ಯದ 2013ರ ನಿಯಮಗಳಲ್ಲಿ 75ನೆಯದನ್ನು ಓದಿಕೋ. ದೂರು ಲಿಖಿತವಾಗಿರಬೇಕು. ಯಾವ ಕೃತಿ, ತಾನೇ ಹಕ್ಕುದಾರ ಎಂಬುದಕ್ಕೆ ಏನು ಆಧಾರ, ನಕಲು ಎಲ್ಲಿದೆ ಎಂಬುದೆಲ್ಲ ಅದರಲ್ಲಿ ಬೇಕು. 21 ದಿನದೊಳಗೆ ಕೋರ್ಟಿನ ಆದೇಶ ತಂದು ತೋರಿಸುತ್ತೇನೆ ಎಂಬ ಮುಚ್ಚಳಿಕೆಯೂ ಬೇಕು. ಬೇರೆಯವರು ಏರಿಸಿದ್ದಕ್ಕೆ ಜಾಗ ಕೊಟ್ಟವನು ದೂರು ಸರಿ ಕಂಡರೆ 36 ಗಂಟೆಯೊಳಗೆ ಅದು ಸಿಗದಂತೆ ಮಾಡಬೇಕು. ಆದೇಶ ಬಾರದಿದ್ದರೆ 21 ದಿನದ ನಂತರ ಮತ್ತೆ ತೆರೆಯಬಹುದು.

ಆದರೆ ಈ ಆಸರೆ ಬೇರೆಯವರ ಫೈಲಿಗೆ ಮಾತ್ರ ಕಣೋ. ನೀನೇ ಕೂತು ಸ್ಕ್ಯಾನ್ ಮಾಡಿ ಏರಿಸಿದ್ದಕ್ಕೆ ನೀನೇ ಹೊಣೆ. ನೋಟಿಸಿನಲ್ಲಿರುವ ನಾಲ್ಕು ಪುಸ್ತಕಗಳೂ ಅಂಥವೇ ಎಂದು ನಿಮ್ಮಪ್ಪ ಹೇಳಿದ. ಇವತ್ತೇ ಇಳಿಸು, ‘ತೆಗೆದಿದ್ದೇನೆ, ದಾಖಲೆ ಕಳಿಸಿದರೆ ಪರಿಶೀಲಿಸುತ್ತೇನೆ’ ಎಂದು ಎರಡು ಸಾಲು ಬರೆ. ಇಳಿಸಿದ ಮಾತ್ರಕ್ಕೆ ತಪ್ಪೊಪ್ಪಿಕೊಂಡಂತಲ್ಲ. ಫೇಸ್‌ಬುಕ್ಕಿನಲ್ಲಿ ನೋಟಿಸ್ ಹಾಕಿ ಜನ ಸೇರಿಸುವುದು ಮಾತ್ರ ಬೇಡ. ಅದೊಂದು ಈಗಿನ ಚಾಳಿ. ಹುರುಳಿಲ್ಲದೆ ಸುಮ್ಮನೆ ನೋಟಿಸ್ ಕಳಿಸಿ ಬೆದರಿಸುವವರೂ ಇದ್ದಾರೆ. ಅವರಿಗೆ ತಡೆಯೊಡ್ಡಲು ಕಾಯ್ದೆಯ 60ನೇ ಕಲಮು ಇದೆ.

ನಿನ್ನದನ್ನು ಬೇರೆಯವರು ಕದ್ದರು ಎಂದೂ ದೂರಿದ್ದೆಯಲ್ಲ. ಹಳೆಯ ಪಠ್ಯವನ್ನು ಟೈಪಿಸಿದ ಮಾತ್ರಕ್ಕೆ ಅದು ನಿನ್ನದಾಗದು. ನೀನು ಬರೆದ ಪರಿಚಯ, ಪದಗಳಿಗೆ ಕೊಟ್ಟ ಅರ್ಥ ನಿನ್ನವು. ಅದನ್ನು ಕದ್ದು ಹಾಕಿಕೊಂಡ ತಾಣದ ಸರ್ವರ್ ಅಮೆರಿಕದ ಕಂಪನಿಯದಾಗಿದ್ದರೆ ಅಲ್ಲಿನ 1998ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಆ ಕಂಪನಿಗೇ ದೂರು ಕೊಡಬಹುದು. ನಿನ್ನದಲ್ಲದ್ದನ್ನು ನಿನ್ನದೆಂದು ಅದರಲ್ಲಿ ಬರೆಯಬೇಡ, ಸುಳ್ಳು ದೂರಿಗೆ ಅಲ್ಲಿ ನಷ್ಟ ಕಟ್ಟಿಕೊಡಬೇಕಾದೀತು.

ಆ ನಾಲ್ಕು ಪುಸ್ತಕಗಳ ಮುಖಪುಟದ ಹಿಂಬದಿ, ‘ಹಕ್ಕುಗಳನ್ನು ಕಾದಿರಿಸಿದೆ’ ಎಂದಿರುವ ಪುಟ, ಫೋಟೋ ತೆಗೆದು ಕಳಿಸು. ನೋಡಿ ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ