ಕನ್ನಡ ಕಲಿ: ಕಥೆ ಹೇಳುವಾಗ ಯಾವ ಕಾಲ?



2021ರ ಫೆಬ್ರವರಿಯ ಹಿಮಪಾತವನ್ನು ಟೆಕ್ಸಾಸಿನ ನಾವ್ಯಾರೂ ಮರೆತಿಲ್ಲ. ಅದು ಮುಗಿದು ವಾರವಾದ ಮೇಲೆ ಜಾರ್ಜ್‌ಟೌನಿನ ನಮ್ಮ ಮನೆಯಿಂದ ಮಗಳು ತುಮಕೂರಿನ ಅಜ್ಜಿಗೆ ಫೋನಿನಲ್ಲಿ, "ಕರೆಂಟ್ ಇಲ್ಲ ಅಜ್ಜಿ, ಎಲ್ಲಾರೂ ಒಂದೇ ರೂಮಲ್ಲಿ ಮಲಗ್ತೀವಿ" ಎಂದಳು. ಪಾಪ, ಅಜ್ಜಿಗೆ ಆ ರಾತ್ರಿ ನಿದ್ದೆಯಿಲ್ಲ. ಮಗು ಹೇಳಬೇಕಿದ್ದದ್ದು "ಇರಲಿಲ್ಲ", "ಮಲಗಿದ್ವಿ".

ಹಾಗೆಂದು ಕಥೆಯಲ್ಲಿ ವರ್ತಮಾನಕಾಲ ತಪ್ಪೇನಲ್ಲ. ನಮ್ಮ ಹಿರಿಯರೂ "ಬಾಗಿಲು ತೆಗೆದು ನೋಡ್ತಾನೆ, ಒಳಗೆ ಹುಲಿ!" ಅಂತಲೇ ಹೇಳುತ್ತಿದ್ದರು. ಆದರೆ ಮೊದಲೇ "ಒಂದೂರಲ್ಲಿ ಒಬ್ಬ ರಾಜ ಇದ್ದ" ಎಂದು ಭೂತಕಾಲದ ಗೂಟ ನೆಟ್ಟಿರುತ್ತಿದ್ದರು. "ಇದ್ದನಂತೆ" ಎಂದರೆ ಬೇರೆಯವರಿಂದ ಕೇಳಿದ್ದು. ಕಣ್ಣಾರೆ ಕಂಡದ್ದಕ್ಕೆ "ಅಂತೆ" ಬೇಡ.

ಇಲ್ಲಿಯ ಮಕ್ಕಳು ಇಂಗ್ಲಿಷಿನ ಹಾಗೆ "ಹೋದ, ಮತ್ತೆ ನೋಡಿದ, ಮತ್ತೆ ಓಡಿದ" ಎನ್ನುತ್ತಾರೆ. "ಹೋಗಿ, ನೋಡಿ, ಓಡಿದ" ಎನ್ನಲು ಕಲಿಸಿ. ಕಾಲ ಕೊನೆಯ ಕ್ರಿಯಾಪದದಲ್ಲಿದ್ದರೆ ಸಾಕು. ಕೆಲಸ ಮಾಡಿದವರು ಬೇರೆ ಬೇರೆಯಾದರೆ ಸಾಮಾನ್ಯವಾಗಿ ಇದು ನಡೆಯದು: "ಹುಲಿ ಬಂದು ರಾಜ ಓಡಿದ" ಅಲ್ಲ, "ಹುಲಿ ಬಂದಾಗ ರಾಜ ಓಡಿದ". ("ಮಳೆ ಬಂದು ಕೆರೆ ತುಂಬಿತು" ಸರಿಯೇ. ಅಲ್ಲಿ ಮಳೆಯೇ ಕಾರಣ.)

ಇನ್ನೊಂದು ಸ್ವಾರಸ್ಯ. "ಅಜ್ಜಿ ದಿನಾ ಕಥೆ ಹೇಳೋರು" ಎನ್ನುತ್ತೇವಲ್ಲ, ಅದು "ಹೇಳುವರು" ಎಂಬ ಭವಿಷ್ಯತ್ತಿನ ರೂಪ. ಅರ್ಥ ಮಾತ್ರ ಹಿಂದಿನ ರೂಢಿ!

ಅಂದಹಾಗೆ, ಮರುದಿನ ಮಗಳು ಮತ್ತೆ ಫೋನ್ ಮಾಡಿ "ಕರೆಂಟ್ ಆವಾಗಲೇ ಬಂದಿತ್ತು ಅಜ್ಜಿ" ಎಂದ ಮೇಲೆಯೇ ತುಮಕೂರಿನಲ್ಲಿ ಕಾಫಿ ಆಯಿತು.