ಗೆರೆಯಾಚೆಯ ಗುರು

ಮುಧೋಳ, ಜಮಖಂಡಿ, ಬನಹಟ್ಟಿಗಳ ಸೀಮೆಯಲ್ಲಿ ಕುಸ್ತಿಯ ಕಣವನ್ನು ಕಾಣದ ಮಕ್ಕಳು ವಿರಳ. ಜಟ್ಟಿಗಳು ಮಣ್ಣಿನಲ್ಲಿ ಸೆಣಸುತ್ತಿರುವಾಗ ಕಣದ ಅಂಚಿನಲ್ಲಿ ಹಿರಿಯನೊಬ್ಬ ಕುಳಿತಿರುತ್ತಾನೆ. ಅವನೇ ವಸ್ತಾದ. ಪಟ್ಟುಗಳನ್ನು ಕಲಿಸಿದವನು ಅವನು; ಆದರೆ ಸೆಣಸಾಟ ಮೊದಲಾದ ಮೇಲೆ ಅವನು ಕಣದೊಳಗೆ ಕಾಲಿಡುವಂತಿಲ್ಲ. ಗೆಲುವಿನ ಹಲಗೆ ಮೊಳಗುವುದು ಜಟ್ಟಿಯ ಮುಂದೆ. ಸೋತಾಗ ಮಾತ್ರ ಜನ, "ಇವನು ಯಾವ ಗರಡಿಯವನು?" ಎಂದು ಕೇಳುತ್ತಾರೆ.

ಕಾಲ್ಚೆಂಡಾಟದ ತರಬೇತುದಾರನ ಬಾಳೂ ಇಂತಹುದೇ. ಸುಮಾರು 105 ಮೀಟರ್ ಉದ್ದದ ಬಯಲು; ಅದರ ಸುತ್ತ ಒಂದು ಬಿಳಿಯ ಗೆರೆ. ತೊಂಬತ್ತು ನಿಮಿಷಗಳ ಕಾಲ ಅವನು ಆ ಗೆರೆಯ ಆಚೆಯೇ ನಿಂತಿರಬೇಕು. ಇಂತಹ ಗೆರೆಯಾಚೆಯ ಗುರುಗಳಲ್ಲಿ ಒಬ್ಬರು ಆಲ್ಬರ್ಟ್ ರೋಕಾ. ನಾಲ್ಕಾರು ದೇಶಗಳ ನೀರು ಕುಡಿದು ನಮ್ಮ ಬೆಂಗಳೂರಿಗೆ ಬಂದ ಅವರ ವೃತ್ತಿಜೀವನ ಅರಿಯತಕ್ಕದ್ದಾಗಿದೆ.

ರೋಕಾ ಅವರು 1962ರಲ್ಲಿ ಸ್ಪೇನ್ ದೇಶದ ಕಟಲೋನಿಯಾ ಪ್ರಾಂತ್ಯದಲ್ಲಿ ಜನಿಸಿದರು. ಆಟಗಾರರಾಗಿ ಅವರು ಜಗತ್ಪ್ರಸಿದ್ಧರಾಗಲಿಲ್ಲ. ಅವರಿಗೆ ಹೆಸರು ತಂದುದು ಆಟಗಾರರ ದೇಹವನ್ನು ಹದಗೊಳಿಸುವ ವಿದ್ಯೆ. ಒಂದು ಪಂದ್ಯದಲ್ಲಿ ಆಟಗಾರನು ಸುಮಾರು ಹತ್ತು ಕಿಲೋಮೀಟರ್ ದೂರವನ್ನು ಕ್ರಮಿಸುತ್ತಾನೆ. ಓಡುತ್ತಾನೆ, ಥಟ್ಟನೆ ನಿಲ್ಲುತ್ತಾನೆ, ತಿರುಗುತ್ತಾನೆ, ಜಿಗಿಯುತ್ತಾನೆ. ದುಡಿಮೆ ಕಡಿಮೆಯಾದರೆ ಕೊನೆಯ ಗಳಿಗೆಯಲ್ಲಿ ಕಾಲು ಸೋಲುತ್ತದೆ. ಮಿತಿಮೀರಿದರೆ ಸ್ನಾಯುವಿಗೆ ಪೆಟ್ಟಾಗುತ್ತದೆ. ಎಷ್ಟು ದುಡಿಸಬೇಕು, ಎಷ್ಟು ವಿಶ್ರಾಂತಿ ಕೊಡಬೇಕು ಎಂಬ ಲೆಕ್ಕವೇ ಈ ವಿದ್ಯೆಯ ತಿರುಳು. ಕಣ್ಣಿಗೆ ಕಾಣದ ಈ ಕೆಲಸಕ್ಕೆ ಚಪ್ಪಾಳೆ ಇಲ್ಲ.

2003ರಿಂದ 2008ರವರೆಗೆ ಹಾಲೆಂಡಿನ ಫ್ರಾಂಕ್ ರೈಕಾರ್ಡ್ ಅವರು ಬಾರ್ಸಿಲೋನಾ ತಂಡದ ಮುಖ್ಯ ತರಬೇತುದಾರರಾಗಿದ್ದರು. ಅವರ ಕೈಕೆಳಗೆ ದೇಹದಾರ್ಢ್ಯದ ಹೊಣೆ ಹೊತ್ತವರಲ್ಲಿ ರೋಕಾ ಒಬ್ಬರು. ಆ ತಂಡ 2006ರಲ್ಲಿ ಪ್ಯಾರಿಸ್ ನಗರದಲ್ಲಿ ಇಂಗ್ಲೆಂಡಿನ ಆರ್ಸೆನಲ್ ತಂಡವನ್ನು 2-1ರಿಂದ ಸೋಲಿಸಿ ಯೂರೋಪಿನ ಚಾಂಪಿಯನ್ ಆಯಿತು. ಮುಂದೆ ರೈಕಾರ್ಡ್ ಅವರು ತುರ್ಕಿಯ ಗಲಾಟಸರಾಯ್ ಸಂಘಕ್ಕೂ, ಅನಂತರ ಸೌದಿ ಅರೇಬಿಯಾದ ರಾಷ್ಟ್ರೀಯ ತಂಡಕ್ಕೂ ಹೋದಾಗ ರೋಕಾ ಅವರ ಜೊತೆಗಿದ್ದರು. 2014ರಲ್ಲಿ ಮಧ್ಯ ಅಮೆರಿಕದ ಪುಟ್ಟ ದೇಶವಾದ ಎಲ್ ಸಾಲ್ವಡೋರ್ ತನ್ನ ರಾಷ್ಟ್ರೀಯ ತಂಡದ ಮುಖ್ಯ ತರಬೇತುದಾರರನ್ನಾಗಿ ಅವರನ್ನು ಬರಮಾಡಿಕೊಂಡಿತು. ಬಹುಕಾಲ ಪರರ ನೆರಳಿನಲ್ಲಿ ದುಡಿದವರಿಗೆ ಐವತ್ತು ದಾಟಿದ ಮೇಲೆ ಒಂದು ರಾಷ್ಟ್ರದ ಹೊಣೆ ಬಂದಿತು.

ವಿದ್ಯೆಗಾಗಿ ಊರು ಬಿಡುವುದು ನಮಗೆ ಹೊಸತಲ್ಲ. ಹತ್ತನೆಯ ಶತಮಾನದಲ್ಲಿ ಬೆಳುಗಲಿ ನಾಡಿನ ಬಳೆಗಾರರ ಮನೆಯ ಹುಡುಗ ರನ್ನ ಗುರುವನ್ನರಸಿ ದೂರದ ಶ್ರವಣಬೆಳಗೊಳಕ್ಕೆ ಹೋದನು. ಅಜಿತಸೇನಾಚಾರ್ಯರಲ್ಲಿ ಕಲಿತು ಕವಿಚಕ್ರವರ್ತಿಯಾದನು. ಅಂದು ಶಿಷ್ಯನು ಗುರುವನ್ನು ಹುಡುಕಿ ನಡೆದನು. ಇಂದಿನ ಕ್ರೀಡಾಲೋಕದಲ್ಲಿ ಗುರುವೇ ಶಿಷ್ಯರಿದ್ದೆಡೆಗೆ ಬರುತ್ತಾನೆ. ಭಾಷೆ, ಊಟ, ಹವೆ ಎಲ್ಲವೂ ಬೇರೆ. ಬಂದವನೇ ಎಲ್ಲವನ್ನೂ ಕಲಿಯಬೇಕು.

2016ರ ಜುಲೈಯಲ್ಲಿ ರೋಕಾ ಬೆಂಗಳೂರು ಕಾಲ್ಚೆಂಡು ಸಂಘಕ್ಕೆ ಬಂದರು. ಅವರು ಬಂದುದು ಬರಡು ನೆಲಕ್ಕಲ್ಲ. ಮೈಸೂರು ತಂಡ 1946-47ರಲ್ಲಿಯೇ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದವರು ಮೈಸೂರು ತಂಡದ ಆಟಗಾರ ಸಾರಂಗಪಾಣಿ ರಾಮನ್. ಬೆಂಗಳೂರು ಸಂಘ ಹುಟ್ಟಿದ್ದು 2013ರಲ್ಲಿ. ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಅವರ ತರಬೇತಿಯಲ್ಲಿ ಅದು ಮೂರು ವರ್ಷಗಳಲ್ಲಿ ಎರಡು ಬಾರಿ ಐ-ಲೀಗ್ ಗೆದ್ದಿತ್ತು, ಏಷ್ಯಾದ ಎ.ಎಫ್.ಸಿ. ಕಪ್ ಪಂದ್ಯಾವಳಿಯ ಮೊದಲ ಹಂತಗಳನ್ನೂ ದಾಟಿತ್ತು. ಹಿಂದಿನವರು ಉತ್ತ ಹೊಲವನ್ನು ರೋಕಾ ಮುಂದುವರಿಸಬೇಕಾಗಿತ್ತು.

ಉಪಾಂತ್ಯದಲ್ಲಿ ಎದುರಾದುದು ಹಿಂದಿನ ವರ್ಷದ ವಿಜೇತ, ಮಲೇಷ್ಯಾದ ಜೊಹೋರ್ ತಂಡ. ಅಲ್ಲಿ ನಡೆದ ಮೊದಲ ಪಂದ್ಯ 1-1ರಲ್ಲಿ ಸಮವಾಯಿತು. ಅಕ್ಟೋಬರ್ 19ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಎರಡನೆಯ ಪಂದ್ಯ. ಮೊದಲ ಗೋಲು ಹೊಡೆದವರು ಅತಿಥಿಗಳೇ. ಆದರೆ ನಮ್ಮವರು ಕಂಗೆಡಲಿಲ್ಲ. ಸುನಿಲ್ ಛೇತ್ರಿ ಎರಡು ಗೋಲು, ಸ್ಪೇನಿನ ಹುವಾನನ್ ಒಂದು ಗೋಲು ಹೊಡೆದರು. 3-1ರಿಂದ ಜಯ ದೊರೆಯಿತು. ಭಾರತದ ಸಂಘವೊಂದು ಆ ಪಂದ್ಯಾವಳಿಯ ಅಂತಿಮ ಹಂತವನ್ನು ಮುಟ್ಟಿದ್ದು ಅದೇ ಮೊದಲು. ನವೆಂಬರ್ 5ರಂದು ದೋಹಾ ನಗರದಲ್ಲಿ ಇರಾಕಿನ ವಾಯುಪಡೆಯ ತಂಡ ಒಂದೇ ಗೋಲಿನಿಂದ ಗೆದ್ದಿತು. ಕಪ್ ಕೈತಪ್ಪಿತು, ಆದರೆ ಏಷ್ಯಾದ ಅಂತಿಮ ಕಣ ಭಾರತೀಯರಿಗೆ ಎಟುಕದ ಎತ್ತರವಲ್ಲವೆಂಬುದು ಸಿದ್ಧವಾಯಿತು.

ಏಳುಬೀಳುಗಳು ಅನಂತರವೂ ತಪ್ಪಲಿಲ್ಲ. 2017ರಲ್ಲಿ ತಂಡ ಐ-ಲೀಗ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಇಳಿಯಿತು. ಅದೇ ವರ್ಷ ಕಟಕ್ ನಗರದಲ್ಲಿ ಮೋಹನ್ ಬಾಗಾನ್ ತಂಡವನ್ನು ಮಣಿಸಿ ಫೆಡರೇಷನ್ ಕಪ್ ಗೆದ್ದಿತು. 2017-18ರಲ್ಲಿ ಇಂಡಿಯನ್ ಸೂಪರ್ ಲೀಗ್ ಪ್ರವೇಶಿಸಿ 18 ಪಂದ್ಯಗಳಿಂದ 40 ಅಂಕ ಗಳಿಸಿತು. ಎರಡನೆಯ ಸ್ಥಾನದ ತಂಡಕ್ಕಿಂತ ಎಂಟು ಅಂಕ ಮುಂದಿತ್ತು. ಆದರೆ 2018ರ ಮಾರ್ಚ್ 17ರಂದು, ತನ್ನದೇ ಕಂಠೀರವದಲ್ಲಿ, ತನ್ನದೇ ಜನರ ಮುಂದೆ, ಅಂತಿಮ ಪಂದ್ಯದಲ್ಲಿ ಚೆನ್ನೈ ತಂಡಕ್ಕೆ 2-3ರಿಂದ ಸೋತಿತು. ವರ್ಷವಿಡೀ ಬೆಳೆದ ಪೈರು ಕೊಯ್ಲಿನ ದಿನ ಮಳೆಗೆ ಸಿಕ್ಕಂತಾಯಿತು. ಮರುತಿಂಗಳೇ ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು 4-1ರಿಂದ ಸೋಲಿಸಿ ಅದೇ ಆಟಗಾರರು ಸೂಪರ್ ಕಪ್ ಎತ್ತಿದರು. ಸೋಲಿನ ನೋವು ಮಾಸುವ ಮುನ್ನವೇ ಎದ್ದು ನಿಲ್ಲುವುದು ಒಂದು ದಿನದ ಕಲಿಕೆಯಲ್ಲ.

ಆ ಋತುವಿನ ಕೊನೆಗೆ ರೋಕಾ ಬೆಂಗಳೂರನ್ನು ಬಿಟ್ಟರು. ಎರಡು ವರ್ಷ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಮುಖ್ಯ ತರಬೇತುದಾರರಾದರು. 2019ರ ಮಾರ್ಚ್ 17ರಂದು, ಅಂದರೆ ಆ ಸೋಲಿಗೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, ಮುಂಬಯಿಯಲ್ಲಿ ಬೆಂಗಳೂರು ತಂಡ ಗೋವಾ ತಂಡವನ್ನು 1-0ರಿಂದ ಸೋಲಿಸಿ ಸೂಪರ್ ಲೀಗ್ ಗೆದ್ದಿತು. ಅಂದು ಗೆರೆಯ ಆಚೆ ರೋಕಾ ನಿಂತಿರಲಿಲ್ಲ. ಆ ಗೆಲುವು ಯಾರದು? ಹೊಡೆದ ಆಟಗಾರನದು, ನಡೆಸಿದ ಕ್ವಾದ್ರಾತ್ ಅವರದು ನಿಜ. ಹದಗೊಳಿಸಿ ಹೋದವರ ಪಾಲೂ ಅದರಲ್ಲಿ ಇಲ್ಲವೆನ್ನಲಾದೀತೆ?

2020ರ ಆರಂಭದಲ್ಲಿ ರೋಕಾ ಹೈದರಾಬಾದ್ ಸಂಘವನ್ನು ಸೇರಿದರು. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ಬಾರ್ಸಿಲೋನಾದಿಂದ ಕರೆ ಬಂದಿತು. ಅದು ಮುಖ್ಯ ಪದವಿಗಲ್ಲ. ರೊನಾಲ್ಡ್ ಕೂಮನ್ ಅವರ ಕೈಕೆಳಗೆ ಆಟಗಾರರ ದೇಹವನ್ನು ಹದಗೊಳಿಸುವ ಹಳೆಯ ಕೆಲಸಕ್ಕೆ. ರಾಷ್ಟ್ರೀಯ ತಂಡವೊಂದನ್ನು ಮುನ್ನಡೆಸಿ ಬಂದವರು ಆ ಕೆಲಸವನ್ನು ಒಪ್ಪಿಕೊಂಡರು. ಪದವಿ ಹಿರಿದೋ ಕಿರಿದೋ, ತಾನು ಬಲ್ಲ ವಿದ್ಯೆಯನ್ನು ನಿಷ್ಠೆಯಿಂದ ನಡೆಸುವವನಿಗೆ ಯಾವ ಸ್ಥಾನವೂ ಕೀಳಲ್ಲ. ತಾನಿಲ್ಲದ ದಿನವೂ ಶಿಷ್ಯನು ಗೆಲ್ಲುವಂತೆ ಕಲಿಸಿದವನೇ ನಿಜವಾದ ಗುರು.

ಅಭ್ಯಾಸ

1. ದೇಹದಾರ್ಢ್ಯದ ತರಬೇತುದಾರನು ಇಡಬೇಕಾದ ಲೆಕ್ಕ ಯಾವುದು? ಅದು ತಪ್ಪಿದರೆ ಏನಾಗುತ್ತದೆ?
2. ರನ್ನನ ಕಲಿಕೆಗೂ ಇಂದಿನ ಕ್ರೀಡಾಲೋಕದ ಕಲಿಕೆಗೂ ಲೇಖಕರು ಕಾಣುವ ವ್ಯತ್ಯಾಸವೇನು?
3. "ಅವರು ಬಂದುದು ಬರಡು ನೆಲಕ್ಕಲ್ಲ." ಈ ಮಾತನ್ನು ಸಮರ್ಥಿಸಿರಿ.
4. 2019ರ ಗೆಲುವಿನಲ್ಲಿ ರೋಕಾ ಅವರಿಗೆ ಪಾಲುಂಟೆ? ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆಯಿರಿ.